ಪ್ರಶ್ನೆ ಪೆಟ್ಟಿಗೆಯ ಐದನೆಯ ಚೀಟಿ

ಟಿಲಿ ನೊಸ್ಕೆಗೆ ಹೊಸ ಪಾದ್ರಿಯ ಮೇಲೆ ಮೊದಲಿನಿಂದಲೂ ಒಂದು ಅನುಮಾನ. ಮನುಷ್ಯ ಕೆಟ್ಟವರೇನಲ್ಲ. ಹಾಡುವಾಗ ಸ್ವರ ಕೆಡಿಸುವುದಿಲ್ಲ, ಯಾರ ಮನೆಗೆ ಹೋದರೂ ಎರಡನೆಯ ತುಂಡು ಕೇಕ್ ಕೇಳಿ ಹಾಕಿಸಿಕೊಳ್ಳುವಷ್ಟು ಸಲಿಗೆ ಇದೆ. ಆದರೆ ಬಂದ ಮೂರನೆಯ ತಿಂಗಳಿಗೇ ಚರ್ಚಿನ ಬಾಗಿಲ ಪಕ್ಕ ಒಂದು ಮರದ ಪೆಟ್ಟಿಗೆ ಹೊಡೆಸಿ, "ವಿಶ್ವಾಸದ ವಿಷಯದಲ್ಲಿ ಏನು ಬೇಕಾದರೂ ಕೇಳಿ, ಹೆಸರು ಬೇಡ" ಎಂದು ಬರೆಸಿದರು. ಹೆಸರು ಬೇಡ ಎಂದರೆ ಏನರ್ಥ? ಅಡಿಲೇಡಿನಾಚೆಯ ದ್ರಾಕ್ಷಿತೋಟಗಳ ಈ ಲಿಂಡೆನ್‌ಟಾಲಿನಲ್ಲಿ ಇರುವುದೇ ನೂರ ಹದಿನೆಂಟು ಮನೆ. ಯಾರ ಹಿತ್ತಲಲ್ಲಿ ಯಾವ ಕೋಳಿ ಮೊಟ್ಟೆಯಿಟ್ಟಿತು ಎಂಬುದು ಮಧ್ಯಾಹ್ನದ ಊಟದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಇಂಥ ಕಡೆ ಹೆಸರಿಲ್ಲದ ಚೀಟಿ ಎಂದರೆ ಹಗೆಯವರ ಕೈಗೆ ಕಲ್ಲು ಕೊಟ್ಟ ಹಾಗೆ ಎಂದು ಟಿಲಿಯ ವಾದ.

ಹಳೆಯ ಪಾದ್ರಿಗಳ ಕಾಲದಲ್ಲಿ ಪ್ರಶ್ನೆ ಕೇಳುತ್ತಿದ್ದವರು ಪಾದ್ರಿಗಳು. ಉತ್ತರ ಹೇಳುತ್ತಿದ್ದವರು ಸಭೆಯವರು, ಅದೂ ಎದ್ದು ನಿಂತು, ಬಾಯಿಪಾಠ, ಒಂದಕ್ಷರ ತಪ್ಪದೆ. ಈಗ ಎಲ್ಲ ತಿರುಗುಮುರುಗು. ಆದರೂ ಸಭೆಯ ತಿಂಗಳ ಪತ್ರಿಕೆಯನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ, ಇನ್ನೂರು ಪ್ರತಿ ತೆಗೆಯುವವಳು ಇಪ್ಪತ್ತೆರಡು ವರ್ಷದಿಂದ ಟಿಲಿಯೇ. ಮದುವೆಯಾಗದೆ ಅರವತ್ತಾರು ತುಂಬಿದ, ಊರಿಗೆಲ್ಲ 'ಟಾಂಟೆ ಟಿಲಿ', ಎಂದರೆ ಟಿಲಿ ಅತ್ತೆ, ಆದ ಹೆಂಗಸು. ಆ ಯಂತ್ರದ ಮಸಿ ಅವಳ ಉಗುರು ಬಿಟ್ಟು ಹೋಗಿದ್ದೇ ಇಲ್ಲ. ಪ್ರಶ್ನೆ ಯಾರದಾದರೂ ಇರಲಿ, ಅದು ಊರಿಗೆ ತಲುಪಬೇಕಾದರೆ ಟಿಲಿಯ ಬೆರಳ ಕೆಳಗೇ ಹಾದು ಹೋಗಬೇಕು.

ಸಾವಿರದ ಒಂಬೈನೂರ ಎಪ್ಪತ್ತೊಂದರ ಮಾರ್ಚಿ. ದ್ರಾಕ್ಷಿ ಕೊಯ್ಲಿನ ನಡುಗಾಲ. ಗುರುವಾರ ಬೆಳಿಗ್ಗೆ ಪಾದ್ರಿ ಐದು ಚೀಟಿಗಳನ್ನೂ ತಮ್ಮ ಉತ್ತರಗಳನ್ನೂ ಗುಂಡುಸೂಜಿ ಚುಚ್ಚಿ ಅವಳ ಮೇಜಿನ ಮೇಲೆ ಇಟ್ಟರು.

"ಐದಿದೆ ಟಾಂಟೆ. ಪೆಟ್ಟಿಗೆ ನೋಡಿ ಮೂಗು ಮುರೀತಿದ್ರಲ್ಲ."

"ಮೂಗು ನನ್ನದು, ಮುರ್ಕೋತೀನಿ. ಇವೆಲ್ಲ ಯಾರ ಚೀಟಿಗಳು?"

"ಗೊತ್ತಿಲ್ಲ. ಗೊತ್ತಿದ್ರೂ ಹೇಳ್ತಿರ್ಲಿಲ್ಲ ಬಿಡಿ," ಎಂದು ನಗುತ್ತ ಹೊರಟೇ ಹೋದರು.

ಮೊದಲನೆಯದು ಯಾವುದೋ ಮಗುವಿನ ಕೈಬರಹ: ನಾಯಿ ಸತ್ತರೆ ಸ್ವರ್ಗಕ್ಕೆ ಹೋಗುತ್ತದೆಯೇ? ಎರಡನೆಯದು: ಕುದುರೆಯ ಮೇಲೆ ಐವತ್ತು ಸೆಂಟು ಕಟ್ಟುವುದು ಪಾಪವೇ? ಮೂರನೆಯದು: ಹೂಳುವ ಬದಲು ಸುಡಬಹುದೇ? ನಾಲ್ಕನೆಯದು ಊರಿನ ಹಳೆಯ ಹುಣ್ಣು: ಒಂದೇ ರಸ್ತೆಯ ಆಚೆಗೊಂದು ಈಚೆಗೊಂದು ಲೂಥರನ್ ಚರ್ಚು ಕಟ್ಟಿಕೊಂಡು ಅರವತ್ತು ವರ್ಷ ಮುಖ ತಿರುಗಿಸಿಕೊಂಡು ಕೂತಿದ್ದೆವಲ್ಲ, ಅದು ಯಾತಕ್ಕೆ? ಎರಡೂ ಸಭೆ ಒಂದಾಗಿ ಐದು ವರ್ಷವಾಗಿತ್ತು. ಪಾದ್ರಿ ಇದಕ್ಕೆ ಒಂದು ಪುಟ ಬರೆದಿದ್ದರು. ಟಿಲಿ ಎರಡು ಸಲ ಓದಿದಳು. ಜಗಳ ಯಾತಕ್ಕೆಂದು ಪಾದ್ರಿಗೂ ಗೊತ್ತಿಲ್ಲ ಎಂಬುದಷ್ಟೇ ಅರ್ಥವಾಯಿತು.

ಐದನೆಯದು ಅಂಗಡಿಯ ಕಂದು ಕಾಗದದ ತುಂಡು. ಪೆನ್ಸಿಲ್ಲಿನಲ್ಲಿ, ಕೈಬರಹ ಗುರುತು ಸಿಗಬಾರದೆಂದು ಅಚ್ಚಿನ ದೊಡ್ಡಕ್ಷರಗಳಲ್ಲಿ ಬರೆದಿತ್ತು.

"ಸಾಯುತ್ತಿರುವ ಕೂಸಿಗೆ ತುರ್ತಿನಲ್ಲಿ ದೀಕ್ಷಾಸ್ನಾನ ಮಾಡಿಸಿದೆನೆಂದು ಒಬ್ಬಾಕೆ ಹೇಳಿದಳು. ನಿಜಕ್ಕೂ ಮಾಡಿಸಿರಲಿಲ್ಲ. ಆ ಕೂಸಿನ ಗತಿ ಏನು?"

ಟಿಲಿ ಎದ್ದು ಬಾಗಿಲ ಚಿಲಕ ಹಾಕಿದಳು. ಮತ್ತೆ ಕೂತು ಓದಿದಳು. ಅಕ್ಷರ ಬದಲಾಗಲಿಲ್ಲ.

ಆ 'ಒಬ್ಬಾಕೆ' ಅವಳೇ.

ಮೂವತ್ತಾರು ವರ್ಷದ ಹಿಂದಿನ ಮಾತು. ಫೆಬ್ರವರಿಯ ಒಂದು ಮಧ್ಯಾಹ್ನ, ತಗಡಿನ ಮಾಡು ಬಿಸಿಲಿಗೆ ಸಿಡಿಯುತ್ತಿತ್ತು. ತಮ್ಮ ಬೆನ್ನೋನ ಹೆಂಡತಿ ಸೆಲ್ಮಾಗೆ ತಿಂಗಳು ತುಂಬುವ ಮೊದಲೇ ನೋವು ಬಂತು. ಸೂಲಗಿತ್ತಿ ಬೇರೆ ತೋಟಕ್ಕೆ ಹೋಗಿದ್ದಳು. ಕೂಸು ಹುಟ್ಟಿದ್ದೇ ನೀಲಿಗಟ್ಟಿತ್ತು. ಬೆನ್ನೋ ಗಾಡಿ ಹೂಡಿಕೊಂಡು ಪಾದ್ರಿಗಳನ್ನು ಕರೆತರಲು ಓಡಿದ. ಮನೆಯಲ್ಲಿ ಉಳಿದವರು ಟಿಲಿ, ನೆತ್ತರು ಹರಿದು ಕಣ್ಣು ಮುಚ್ಚಿ ಬಿದ್ದಿದ್ದ ಸೆಲ್ಮಾ, ಉಸಿರು ಎಳೆಯುತ್ತಿದ್ದ ಆ ಹೆಣ್ಣುಕೂಸು. ಪಾದ್ರಿ ಬರುವಷ್ಟು ಹೊತ್ತಿಲ್ಲದಿದ್ದರೆ ಯಾವ ವಿಶ್ವಾಸಿಯಾದರೂ ದೀಕ್ಷಾಸ್ನಾನ ಮಾಡಿಸಬಹುದು, ನೀರು ಸಾಕು, ಮಾತು ಸಾಕು ಎಂದು ಇಲ್ಲಿ ಪ್ರತಿ ಮಗುವಿಗೂ ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ಟಿಲಿ ಬೋಗುಣಿಯ ನೀರಿಗೆ ಕೈ ಅದ್ದಿದಳು. ತಿರುಗಿ ನೋಡುವಷ್ಟರಲ್ಲಿ ಕೂಸು ಹೋಗಿತ್ತು. ಸತ್ತವರಿಗೆ ದೀಕ್ಷಾಸ್ನಾನ ಇಲ್ಲ, ಅದಿಲ್ಲದೆ ಹೋದವರಿಗೆ ಸ್ವರ್ಗದ ಭರವಸೆಯೂ ಇಲ್ಲ. ಅದೂ ಪಾಠದಲ್ಲೇ ಇತ್ತು. ಬೆರಳ ತುದಿಯಿಂದ ನೀರು ತೊಟ್ಟಿಕ್ಕಿಸಿಕೊಂಡು ಅವಳು ನಿಂತೇ ಇದ್ದಳು. ಅಂಗಳದಲ್ಲಿ ಗಾಡಿಯ ಸದ್ದಾಯಿತು. ಹಳೆಯ ಪಾದ್ರಿಗಳು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: "ಆಯಿತೇ?"

"ಆಯಿತು," ಎಂದಳು ಟಿಲಿ.

ಅಷ್ಟೇ. ಆ ಒಂದು ಮಾತಿಗೆ ಚರ್ಚಿನ ಗಂಟೆ ಬಾರಿಸಿದರು. ದಾಖಲೆ ಪುಸ್ತಕದಲ್ಲಿ ಎರ್ನಾ ನೊಸ್ಕೆ ಎಂದು ಹೆಸರು ಬಿತ್ತು. ಅಜ್ಜನ ಪಕ್ಕ, ಸಾಲಿನಲ್ಲಿ, ಕಲ್ಲು ನೆಟ್ಟರು. ಇಲ್ಲವೆಂದಿದ್ದರೆ ಆ ಪಾದ್ರಿಗಳ ಕಟ್ಟುನಿಟ್ಟಿಗೆ ಕೂಸು ಸ್ಮಶಾನದ ಬೇಲಿಯಂಚಿಗೆ ಹೋಗುತ್ತಿತ್ತು, ಗಂಟೆಯಿಲ್ಲ, ಹೆಸರಿಲ್ಲ, ಬರೀ ಮಣ್ಣಿನ ದಿಬ್ಬ. ಹೆತ್ತು ಹಾಸಿಗೆ ಹಿಡಿದವಳಿಗೆ ಅದನ್ನು ಹೇಳಲು ಟಿಲಿಗೆ ನಾಲಿಗೆ ಬರಲಿಲ್ಲ. ಸೆಲ್ಮಾ ಇವತ್ತಿಗೂ ಪ್ರತಿ ಶನಿವಾರ ಆ ಪುಟ್ಟ ಕಲ್ಲಿಗೆ ಹೂವಿಟ್ಟು ಬರುತ್ತಾಳೆ.

ಊರಿನಲ್ಲಿ ನೆನಪಿರುವಷ್ಟು ಕಾಲದಲ್ಲಿ ತುರ್ತಿನ ದೀಕ್ಷಾಸ್ನಾನ ಆದದ್ದು ಎರಡೇ ಸಲ. ಇನ್ನೊಬ್ಬ ಬದುಕಿ ಉಳಿದು, ಈಗ ಮಾಂಸದಂಗಡಿ ಇಟ್ಟುಕೊಂಡು, ನೂರು ಕಿಲೋಗೂ ಮೇಲೆ ತೂಗುತ್ತಾನೆ. ಹೀಗಿರುವಾಗ ಈ ಪ್ರಶ್ನೆ ಅಚ್ಚಾದರೆ, ಪತ್ರಿಕೆಯ ಮೂಲೆಯ ಸೂಚನೆಯನ್ನೂ ಬಿಡದೆ ಓದುವ ಸೆಲ್ಮಾಗೆ ತಿಳಿಯದೆ ಇರುತ್ತದೆಯೇ? ಅವಳಿಗಿರುವ ಒಂದು ಸಮಾಧಾನವೂ ಹೋಗುತ್ತದೆ. ಗಂಡ ಬೆನ್ನೋ ತೀರಿಕೊಂಡ ಮೇಲೆ ಈ ನಾಲ್ಕು ವರ್ಷ ಅವಳಿಗೆ ಟಿಲಿಯೇ ದಿಕ್ಕು, ಟಿಲಿಗೆ ಅವಳೇ ದಿಕ್ಕು. ಅದೂ ಹೋಗುತ್ತದೆ.

ಟಿಲಿ ಪಾದ್ರಿಯ ಉತ್ತರವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದಳು. ಸುಳ್ಳು ಹೇಳಿದವಳಿಗೆ ಏನು ಶಿಕ್ಷೆ ಎಂದು ಹುಡುಕಿದಳು. ಒಂದು ಸಾಲೂ ಇರಲಿಲ್ಲ. ಎಲ್ಲ ಕೂಸಿನ ಬಗ್ಗೆ. ಅದು ಅವಳ ಅನುಮಾನವನ್ನು ಇನ್ನಷ್ಟು ಬೆಳೆಸಿತು. ಬೇಕೆಂದೇ ಬಿಟ್ಟಿದ್ದಾರೆ, ಪಾದ್ರಿಗೂ ಗೊತ್ತು, ನನ್ನ ಮುಖ ನೋಡಲೆಂದೇ ಚೀಟಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ ಎಂದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟಿಲಿ ಆ ಇಡೀ ದಿನ ಹೆಗಲು ಸವರಿಕೊಂಡೇ ಓಡಾಡಿದಳು.

ಯಾರಿಗೆ ಗೊತ್ತು? ಆ ಕೋಣೆಯಲ್ಲಿ ಬೇರೆ ಯಾರಿದ್ದರು? ಯೋಚಿಸಿ ಯೋಚಿಸಿ ಒಂದು ಹೆಸರು ಹೊಳೆಯಿತು. ಕೂಸಿನ ಹೆಣಕ್ಕೆ ಸ್ನಾನ ಮಾಡಿಸಿದ್ದು ಪಕ್ಕದ ತೋಟದ ಮುದುಕಿ ಪೆಖ್. ರಸ್ತೆಯಾಚೆಯ ಸಭೆಯವಳಾದರೂ ಸಾವಿನ ಮನೆಗೆ ಬಂದಿದ್ದಳು. ಅವತ್ತು ಆಕೆ ಕೂಸಿನ ತಲೆ ಸವರಿ ಟಿಲಿಯ ಕಡೆ ಒಂದು ಥರ ನೋಡಿದ್ದಳಲ್ಲವೇ? ಕೂದಲಿಗೆ ನೀರು ತಾಕಿಲ್ಲ ಎಂದು ಕಂಡುಕೊಂಡಿರಬೇಕು. ಮುದುಕಿ ಸತ್ತು ಹನ್ನೊಂದು ವರ್ಷವಾಯಿತು, ನಿಜ. ಆದರೆ ಮಗಳು ಇರ್ಮ್‌ಗಾರ್ಡ್ ಇದ್ದಾಳೆ, ಅವಳ ಬಾಯಂತೂ ಚೆನ್ನಾಗೇ ಇದೆ. ಎರಡು ಸಭೆ ಒಂದಾದಾಗಿನಿಂದ ಟಿಲಿ ನೋಡಿಕೊಳ್ಳುವ ಸಭೆಯ ಅಡುಗೆಮನೆಯ ಮೇಲೆ ಅವಳ ಕಣ್ಣು ಬೇರೆ.

ಕೊಯ್ಲಿನ ಚಹಾಕೂಟಕ್ಕೆಂದು ಶುಕ್ರವಾರ ಹೆಂಗಸರೆಲ್ಲ ಸಭೆಯ ಹಾಲಿಗೆ ತಟ್ಟೆಗಳನ್ನು ತಂದಿಟ್ಟಿದ್ದರು. ತಟ್ಟೆ ಅದಲುಬದಲಾಗದಿರಲೆಂದು ತಳಕ್ಕೆ ಪ್ಲಾಸ್ಟರ್ ತುಂಡು ಅಂಟಿಸಿ, ಅಚ್ಚಿನ ದೊಡ್ಡಕ್ಷರದಲ್ಲಿ ಹೆಸರು ಬರೆಯುವುದು ಇಲ್ಲಿಯ ಪದ್ಧತಿ. ಅಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಟಿಲಿ ಒಳಗೆ ನುಗ್ಗಿದಳು, ಕೈಯಲ್ಲಿ ಕಂದು ಚೀಟಿ. ಒಂದೊಂದೇ ತಟ್ಟೆ ಮಗುಚಿ ಅಕ್ಷರ ಹೋಲಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹದಿನಾಲ್ಕನೆಯ ತಟ್ಟೆಯ ಹೊತ್ತಿಗೆ ಆರ್ಗನ್ ನುಡಿಸುವವಳ ಅಕ್ಷರವೂ ಅದೇ, ಮಾಂಸದಂಗಡಿಯವನ ಹೆಂಡತಿಯದೂ ಅದೇ, ಪಾದ್ರಿಯ ಹೆಂಡತಿಯದಂತೂ ಅದೇ ಅದು. ಸೆಲ್ಮಾಳ ತಟ್ಟೆ ಬಂದಾಗ ಮಾತ್ರ ಮಗುಚದೆ ಪಕ್ಕಕ್ಕಿಟ್ಟಳು.

"ಏನೇ ಟಿಲಿ, ನನ್ನ ತಟ್ಟೆ ಕೆಳಗೆ ಏನು ಹುಡುಕ್ತಿದೀಯ?"

ಬಾಗಿಲಲ್ಲಿ ಇರ್ಮ್‌ಗಾರ್ಡ್, ಕಂಕುಳಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಜಾಡಿ. ಟಿಲಿ ಚೀಟಿಯನ್ನು ಏಪ್ರನ್ನಿನ ಜೇಬಿಗೆ ತುರುಕಿದಳು.

"ಬಿರುಕು ಬಿಟ್ಟಿದ್ಯಾ ಅಂತ ನೋಡ್ತಿದ್ದೆ."

"ನನ್ನ ತಟ್ಟೇಲಿ ಬಿರುಕಾ? ಅದು ನಮ್ಮಮ್ಮನ ತಟ್ಟೆ ಕಣೇ."

"ನಿಮ್ಮಮ್ಮ ಸಾಯೋ ಮುಂಚೆ ನಿಂಗೆ ಏನೇನು ಹೇಳಿಹೋದ್ಲು?"

"ಏನು ಹೇಳ್ತಾಳೆ? ಕೋಳಿಗೂಡಿನ ಬಾಗಿಲು ಸರಿ ಮಾಡ್ಸು ಅಂದ್ಲು. ಯಾಕೆ?"

"ಪೆಟ್ಟಿಗೆಗೆ ನೀನು ಹಾಕಿದ ಚೀಟಿ ನಾನು ನೋಡಿದೀನಿ ಇರ್ಮ್‌ಗಾರ್ಡ್."

ಇರ್ಮ್‌ಗಾರ್ಡಳ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. ಜಾಡಿಯನ್ನು ಮೇಜಿನ ಮೇಲೆ ಕುಕ್ಕಿದಳು. ಸಿಕ್ಕಿಬಿದ್ದಳು ಎಂದುಕೊಂಡಳು ಟಿಲಿ.

"ಹೆಸರು ಬೇಡ ಅಂತ ಬರ್ದಿದ್ರಲ್ಲ," ಎಂದಳು ಇರ್ಮ್‌ಗಾರ್ಡ್ ಧ್ವನಿ ಇಳಿಸಿ. "ವರ್ಷಕ್ಕೊಂದ್ಸಲ. ಅದೂ ಐವತ್ತೇ ಸೆಂಟು. ಹೋದ ಸಲ ಗೆದ್ದ ದುಡ್ಡೆಲ್ಲ ಮಿಷನ್ ಡಬ್ಬಿಗೇ ಹಾಕಿದೀನಿ, ಬೇಕಾದ್ರೆ ಕೇಳು. ನಮ್ಮೆಜಮಾನ್ರಿಗೆ ಹೇಳ್ಬೇಡ ಮಾರಾಯ್ತಿ, ಕುದುರೆ ಅಂದ್ರೆ ಅವ್ರಿಗೆ ಆಗಲ್ಲ."

ಬೇರೆ ದಿನವಾಗಿದ್ದರೆ ಟಿಲಿ ಈ ಸುದ್ದಿಯನ್ನು ಆರು ತಿಂಗಳು ಚಪ್ಪರಿಸುತ್ತಿದ್ದಳು. ಇವತ್ತು ಅವಳನ್ನು ಅಲ್ಲೇ ಬಿಟ್ಟು ಹೊರಬಿದ್ದಳು. ಇರ್ಮ್‌ಗಾರ್ಡ್ ಅಲ್ಲದಿದ್ದರೆ ಇನ್ನು ಯಾರಾದರೂ ಆಗಿರಬಹುದು. ಊರಿಗೆ ಊರೇ ಗೊತ್ತಿದ್ದೂ ಸುಮ್ಮನಿರಬಹುದು. ದಾರಿಯಲ್ಲಿ ಮಾಂಸದಂಗಡಿಯವನು ಟೋಪಿ ಎತ್ತಿ ನಕ್ಕ. ಯಾಕೆ ನಕ್ಕ? ಹೋದ ವಾರವೂ ನಕ್ಕಿದ್ದ, ಹತ್ತು ವರ್ಷದಿಂದಲೂ ನಗುತ್ತಿದ್ದಾನೆ, ಆದರೆ ಇವತ್ತಿನ ನಗು ಬೇರೆ ಥರ ಇತ್ತು ಎಂದೇ ಅವಳಿಗೆ ಅನ್ನಿಸಿತು.

ಮನೆಗೆ ಬಂದವಳೇ ಚೀಟಿಯನ್ನೂ ಪಾದ್ರಿಯ ಉತ್ತರವನ್ನೂ ಒಲೆಗೆ ಹಾಕಿದಳು. ಶನಿವಾರ ನಾಲ್ಕೇ ಪ್ರಶ್ನೆಗಳನ್ನು ಟೈಪು ಮಾಡಿ ಇನ್ನೂರು ಪ್ರತಿ ತೆಗೆದಳು. ಪಾದ್ರಿ ಕೇಳಿದ್ದಕ್ಕೆ, "ಕೊಯ್ಲಿನ ಸೂಚನೆಗಳು ಜಾಸ್ತಿ ಇದ್ವು, ಜಾಗ ಸಾಲ್ಲಿಲ್ಲ, ಮುಂದಿನ ತಿಂಗಳು ನೋಡೋಣ," ಎಂದಳು. ಪಾದ್ರಿಗೆ ಅದು ಇಷ್ಟವಾಗಲಿಲ್ಲ. ಆದರೆ ಹಾಳೆಗಳನ್ನು ಆಗಲೇ ಮಡಿಸಿ ಇಟ್ಟಾಗಿತ್ತು. ಭಾನುವಾರ ಬಾಗಿಲಲ್ಲಿ ನಿಂತು ಟಿಲಿಯೇ ಹಂಚಿದಳು. ಯಾರ ಮುಖ ಬದಲಾಗುತ್ತದೆ ಎಂದು ಒಬ್ಬೊಬ್ಬರನ್ನೂ ದಿಟ್ಟಿಸಿ ನೋಡಿದಳು. ಯಾರ ಮುಖವೂ ಬದಲಾಗಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಎಲ್ಲ ಮುಗಿಯಿತು ಎಂದು ಆ ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದಳು.

ಸೋಮವಾರ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಸೆಲ್ಮಾ ಬಂದಳು. ಯಾವಾಗಲೂ ಒಂದು ಬಟ್ಟಲು ದ್ರಾಕ್ಷಿಯನ್ನೋ ನಾಲ್ಕು ಮೊಟ್ಟೆಯನ್ನೋ ಹಿಡಿದು ಬರುವವಳು, ಇವತ್ತು ಕೈಯಲ್ಲಿ ಪತ್ರಿಕೆಯ ಹಾಳೆ ಮಾತ್ರ. ಕೂರು ಎಂದರೂ ಕೂರಲಿಲ್ಲ.

"ಅಕ್ಕಾ, ಹೋದ ವಾರ ಪಾದ್ರಿಗಳು ಪೀಠದಿಂದ ಐದು ಪ್ರಶ್ನೆ ಬಂದಿದೆ ಅಂದ್ರಲ್ಲ. ಇದ್ರಲ್ಲಿ ನಾಲ್ಕೇ ಇದೆ."

"ಜಾಗ ಸಾಲ್ಲಿಲ್ಲ ಕಣೇ."

"ನಾಯಿ ಸ್ವರ್ಗಕ್ಕೆ ಹೋಗುತ್ತಾ ಅನ್ನೋದಕ್ಕೆ ಅರ್ಧ ಪುಟ ಇದೆ."

ಟಿಲಿ ಕೆಟಲಿಗೆ ನೀರು ತುಂಬಿಸಲು ಹೋದಳು. "ಅದು ಏನೋ ಕೆಟ್ಟ ಪ್ರಶ್ನೆ. ಯಾರೋ ಹೊಟ್ಟೆಕಿಚ್ಚಿಗೆ ಬರ್ದಿದ್ದು. ನೀನು ತಲೆ ಕೆಡಿಸ್ಕೋಬೇಡ."

"ಹೊಟ್ಟೆಕಿಚ್ಚಿಗೆ ಬರೀಲಿಲ್ಲ. ನಾನು ಬರ್ದೆ."

ಕೆಟಲು ತುಂಬಿ ಹರಿದು ಟಿಲಿಯ ತೋಳು ನೆನೆಯಿತು. ನಲ್ಲಿ ನಿಲ್ಲಿಸಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿರ್ಲಿಲ್ಲ. ನಾನು ಎಚ್ಚರವಾಗಿದ್ದೆ ಅಕ್ಕಾ. ಕಣ್ಣು ಬಿಡೋಷ್ಟು ಶಕ್ತಿ ಇರ್ಲಿಲ್ಲ, ಆದ್ರೆ ಕಿವಿ ಕೇಳಿಸ್ತಿತ್ತು. ನೀವು ನೀರಿಗೆ ಕೈ ಹಾಕಿದ್ದು ಕೇಳಿಸ್ತು. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಅಂತ ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾಯ್ತಾ ಮಲಗಿದ್ದೆ. ಹೇಳ್ಲೇ ಇಲ್ಲ. ಆಮೇಲೆ ಗಾಡಿ ಬಂತು. ಆಯಿತು ಅಂದ್ರಿ."

ಟಿಲಿ ಕುರ್ಚಿ ಹುಡುಕಿ ಕೂತಳು. ಇಡೀ ಊರನ್ನು ಅನುಮಾನಿಸಿದ್ದಳು, ಸತ್ತವಳನ್ನೂ ಬಿಟ್ಟಿರಲಿಲ್ಲ. ಮಂಚದ ಮೇಲಿದ್ದವಳನ್ನು ಒಂದು ಸಲವಾದರೂ ನೆನೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಕೂಸು ಮುಂಚೇನೇ ಹೋಗಿತ್ತು ಸೆಲ್ಮಾ. ನಾನು ತಿರುಗೋಷ್ಟರಲ್ಲಿ ಹೋಗಿತ್ತು. ಬೇಲಿಯಂಚಿಗೆ ಹಾಕ್ತಾರೆ ಅಂತ ನಂಗೆ... ನೀನು ತಡ್ಕೊಳ್ಳಲ್ಲ ಅಂತ..."

"ಗೊತ್ತು. ನನಗೋಸ್ಕರ ಹೇಳಿದ್ರಿ. ಅದಕ್ಕೇ ನಾನೂ ಬಾಯಿ ಬಿಡ್ಲಿಲ್ಲ. ಬೆನ್ನೋಗೂ ಹೇಳ್ಲಿಲ್ಲ. ಗಂಟೆ ಬಾರಿಸ್ತಿದ್ರಲ್ಲ, ಎಲ್ಲಾರೂ ಸಮಾಧಾನ ಸಮಾಧಾನ ಅಂತಿದ್ರು, ನಂಗೊಬ್ಬಳಿಗೇ ಅದು ಸುಳ್ಳು ಅಂತ ಗೊತ್ತು. ನನ್ನ ಮಗು ಎಲ್ಲಿದೆ ಅಂತ ಒಂದು ಮಾತು ಕೇಳ್ಬೇಕಿತ್ತು ಅಕ್ಕಾ. ಯಾರನ್ನ ಕೇಳ್ಲಿ? ಯಾವ ಪಾದ್ರಿನ ಕೇಳಿದ್ರೂ ನಿಮ್ಮ ಹೆಸರು ಹೊರಗೆ ಬರ್ತಿತ್ತು. ಮೂವತ್ತಾರು ವರ್ಷ ಆದ್ಮೇಲೆ ಒಬ್ರು ಬಂದು ಹೆಸರು ಬೇಡ ಅಂದ್ರು. ಬರ್ದು ಹಾಕಿದೆ. ಉತ್ತರ ಎಲ್ಲಿ?"

ಟಿಲಿ ಒಲೆಯ ಕಡೆ ನೋಡಿದಳು.

"ಸುಟ್ಬಿಟ್ರಾ?"

"ಸುಟ್ಟೆ."

ಸೆಲ್ಮಾ ಬೈಯಲಿಲ್ಲ. ಬೈದಿದ್ದರೆ ಟಿಲಿಗೆ ಎಷ್ಟೋ ಹಗುರವಾಗುತ್ತಿತ್ತು. "ಓದಿದ್ರಾ?" ಎಂದಷ್ಟೇ ಕೇಳಿದಳು.

"ಓದಿದೆ."

"ಹಾಗಾದ್ರೆ ಹೇಳಿ."

ತನ್ನ ಬಗ್ಗೆ ಏನಿದೆಯೋ ಎಂದು ಗುರುವಾರ ಆ ಕಾಗದವನ್ನು ಜಾಲಾಡಿದ್ದವಳು ಈಗ ಅದರಲ್ಲಿದ್ದದ್ದನ್ನು ಮೊದಲ ಸಲ ನೆನಪಿಗೆ ತಂದುಕೊಂಡಳು. ಇಪ್ಪತ್ತೆರಡು ವರ್ಷ ಬೇರೆಯವರ ಮಾತು ಟೈಪು ಮಾಡಿದ ತಲೆ, ಒಂದಕ್ಷರ ಬಿಟ್ಟಿರಲಿಲ್ಲ. ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈಕಟ್ಟಿಕೊಂಡು ಹೇಳಿದಳು.

"ದೇವರು ದೀಕ್ಷಾಸ್ನಾನಕ್ಕೆ ಕಟ್ಟಿರೋದು ನಮ್ಮನ್ನ, ತನ್ನನ್ನಲ್ಲ. ಬೇಡ ಅಂತ ತಳ್ಳಿದವರು ಹೆದರಬೇಕು. ಬೇಕು ಅಂತ ಕೈ ಚಾಚಿ ಸಿಗದೆ ಹೋದವರು ಹೆದರಬೇಕಾಗಿಲ್ಲ. ಆ ತಾಯಿ ಬಸುರಿನಲ್ಲೇ ಆ ಕೂಸನ್ನ ದೇವರ ಮುಂದೆ ಇಟ್ಟಿದ್ರೆ, ಅವಳ ನರಳಾಟಾನೇ ಪ್ರಾರ್ಥನೆ. ಕರ್ತನು ಅದನ್ನ ಕೇಳದೆ ಇರೋದಿಲ್ಲ. ಕೂಸು ಆತನ ಕೈಯಲ್ಲಿದೆ. ಆ ಕೈ ನಮ್ಮ ಕೈಗಿಂತ ಒಳ್ಳೇದು."

ಸೆಲ್ಮಾ ಗೋಡೆ ಹಿಡಿದು ನಿಂತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಷ್ಟೇನಾ?"

"ಇಷ್ಟೇ."

"ಇದನ್ನ ಆ ದಿನಾನೇ ಯಾರಾದ್ರೂ ಹೇಳಬಹುದಾಗಿತ್ತು. ನೀವು ಇಲ್ಲ ಅಂದಿದ್ರೆ, ನಾನು ಕೇಳ್ತಿದ್ದೆ. ಆ ಮುದಿ ಪಾದ್ರಿ ಹೇಳ್ದೆ ಇದ್ರೆ ಇನ್ನೊಬ್ರನ್ನ ಕೇಳ್ತಿದ್ದೆ. ಗಾಡಿ ಹೂಡ್ಕೊಂಡು ಅಡಿಲೇಡಿನವರೆಗೂ ಹೋಗಿ ಕೇಳ್ತಿದ್ದೆ."

"ಹೌದು," ಎಂದಳು ಟಿಲಿ.

"ಸುಳ್ಳು ಹೇಳಿದವಳ ಬಗ್ಗೆ ಏನು ಬರ್ದಿದ್ರು?"

"ಏನೂ ಇರ್ಲಿಲ್ಲ. ನೀನು ಕೇಳಿರ್ಲಿಲ್ಲವಲ್ಲ."

"ಕೇಳ್ಬೇಕು ಅನ್ನಿಸ್ಲಿಲ್ಲ."

ಟಿಲಿ ಎದ್ದು ನಿಂತಳು. ಅರವತ್ತಾರು ವರ್ಷದಲ್ಲಿ ಅವಳು ಯಾರ ಮುಂದೆಯೂ ಹೀಗೆ ನಿಂತಿರಲಿಲ್ಲ. "ನಾನು ನೀರು ಹಾಕ್ಲಿಲ್ಲ. ಹಾಕಿದೆ ಅಂದೆ. ಈಗ ನಿನ್ನ ಉತ್ತರಾನೂ ಸುಟ್ಟೆ. ತಪ್ಪಾಯ್ತು ಸೆಲ್ಮಾ. ಕ್ಷಮಿಸು ನನ್ನ."

ಸೆಲ್ಮಾ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡಳು. ಬಾಗಿಲ ಹತ್ತಿರ ಹೋಗಿ ನಿಂತಳು.

"ಈ ಭಾನುವಾರ ಕರ್ತನ ಭೋಜನ ಇದೆ. ಮನಸ್ಸಲ್ಲಿ ಕೋಪ ಇಟ್ಕೊಂಡು ನಿಮ್ಮ ಪಕ್ಕ ಮೊಣಕಾಲೂರಿ ರೊಟ್ಟಿ ತಗೊಳ್ಳೋಕೆ ಆಗಲ್ಲ. ಅದಕ್ಕೇ ಅಷ್ಟರೊಳಗೆ ಕ್ಷಮಿಸ್ತೀನಿ, ಕ್ಷಮಿಸ್ಲೇಬೇಕು. ಆದ್ರೆ ಇವತ್ತು ಸೋಮವಾರ ಅಕ್ಕಾ. ಇನ್ನೂ ಆರು ದಿನ ಇದೆ. ಅಷ್ಟು ದಿನ ನಂಗೆ ಕೋಪ ಮಾಡ್ಕೊಳ್ಳೋಕೆ ಬಿಡಿ."